ಸ್ಪೇಸ್ ಒಪೆರಾ ಅಂದರೆ ಗೀತನಾಟಕ ಅಲ್ಲ

ಬೆಳಗ್ಗೆ ಅಕ್ಕನ ಮಗಳು ಒಂದು ಲೇಖನ ಕಳಿಸಿದಳು. ಓದಿದಾಗಿನಿಂದ ತಲೆ ಬಿಸಿಯಾಗಿದೆ. ಅದರಲ್ಲಿ ಸ್ಪೇಸ್ ಒಪೆರಾವನ್ನು, ಅಂದರೆ ಹಲವು ಲೋಕಗಳ ನಡುವೆ ನಡೆಯುವ ಆಕಾಶನೌಕೆಯ ಸಾಹಸದ ಕತೆಗಳನ್ನು, ‘ಬಾಹ್ಯಾಕಾಶ ಗೀತನಾಟಕ’ ಎಂದು ಕನ್ನಡಕ್ಕೆ ತಂದಿದ್ದಾರೆ. ಅಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆನೇನೋ. ಉದಾಹರಣೆಗೆ ಕೊಟ್ಟಿರುವುದು, ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದುಹೋಗಿ ಆಲೂಗಡ್ಡೆ ಬೆಳೆದು ಜೀವ ಉಳಿಸಿಕೊಳ್ಳುವವನ ಕತೆಯನ್ನು! ಆ ಕತೆ ನನಗೂ ಇಷ್ಟ. ಆದರೆ ಅದು ಸ್ಪೇಸ್ ಒಪೆರಾ ಅಲ್ಲ. ರಾಕೆಟ್ ಕಂಡ ಕೂಡಲೇ ಈ ಹೆಸರು ಅಂಟಿಸುವುದನ್ನು ಯಾವಾಗ ಬಿಡುತ್ತೇವೆ?

ಗೀತನಾಟಕ ಎಂದರೆ ನಮಗೆ ಪುತಿನ ನೆನಪಾಗುತ್ತಾರೆ, ‘ಗೋಕುಲ ನಿರ್ಗಮನ’ ನೆನಪಾಗುತ್ತದೆ. ಸ್ಪೇಸ್ ಒಪೆರಾಕ್ಕೂ ಹಾಡಿಗೂ ಸಂಬಂಧವೇ ಇಲ್ಲ. ಅಮೆರಿಕದ ರೇಡಿಯೊದಲ್ಲಿ ಹಗಲು ಹೊತ್ತು ಸಂಸಾರದ ಧಾರಾವಾಹಿಗಳು ಬರುತ್ತಿದ್ದವು. ದುಡ್ಡು ಹಾಕುತ್ತಿದ್ದವರಲ್ಲಿ ಸೋಪು ಕಂಪನಿಗಳೇ ಮುಂದೆ, ಹಾಗಾಗಿ ಅವು ಸೋಪ್ ಒಪೆರಾ. ಕೌಬಾಯ್ ಕತೆಗಳು ಹಾರ್ಸ್ ಒಪೆರಾ. 1941ರಲ್ಲಿ ವಿಲ್ಸನ್ ಟಕರ್ ಎಂಬ ಅಮೆರಿಕದ ಲೇಖಕ ಅದೇ ಧಾಟಿಯಲ್ಲಿ, ಸವೆದುಹೋದ ಆಕಾಶನೌಕೆಯ ಕತೆಗಳನ್ನು ಬೈಯಲು ಸ್ಪೇಸ್ ಒಪೆರಾ ಎಂಬ ಮಾತು ಹುಟ್ಟುಹಾಕಿದರು. ಬೈಗುಳ ಅದು! ಕನ್ನಡಕ್ಕೆ ತರಲೇಬೇಕೆಂದರೆ ‘ಧಾರಾವಾಹಿ’ ಎಂಬ ಪದವೇ ಹತ್ತಿರ ಅಲ್ವಾ?

ಹೆಸರು ಬರುವ ಮೊದಲೇ ಅಂಥ ಕತೆಗಳು ಇದ್ದವು. ಇ. ಇ. ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ ಬರೆದ ‘ದಿ ಸ್ಕೈಲಾರ್ಕ್ ಆಫ್ ಸ್ಪೇಸ್’ 1928ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಅದರಲ್ಲಿನ ಜನ ಸೂರ್ಯಮಂಡಲವನ್ನೇ ದಾಟಿ ಹೋಗುತ್ತಾರೆ. ಆಂಡ್ರೊಮಿಡಾ ನಮ್ಮ ಹಾಲುಹಾದಿಯ ಹೊರಗಿರುವ ಬೇರೆಯೇ ಗ್ಯಾಲಕ್ಸಿ ಎಂದು ಖಗೋಳಶಾಸ್ತ್ರಜ್ಞ ಹಬಲ್ ತೋರಿಸಿಕೊಟ್ಟು ಆಗ ಮೂರೇ ವರ್ಷ ಆಗಿತ್ತು. ಸ್ಮಿತ್ ಬರೆಯಲು ಶುರು ಮಾಡಿದ್ದು 1915ರಲ್ಲೇ, ಹಾಗಾಗಿ ಹಬಲ್‌ನಿಂದ ಕತೆ ಹುಟ್ಟಿತು ಎನ್ನಲಾರೆ. ಆದರೆ ಅದನ್ನು ಓದಿದವರ ತಲೆ ಮೇಲಿನ ಆಕಾಶ ಆಗಷ್ಟೇ ದೊಡ್ಡದಾಗಿತ್ತು. ಅದನ್ನು ನೆನೆದರೆ ಈಗಲೂ ಮೈ ಜುಮ್ ಎನ್ನುತ್ತದೆ.

ನನ್ನ ಮಟ್ಟಿಗೆ ಸ್ಪೇಸ್ ಒಪೆರಾದ ಜೀವ ಇರುವುದು ಇಲ್ಲಿ: ಒಂದಲ್ಲ, ಹತ್ತಾರು ಲೋಕಗಳು ಬೇಕು, ಅವುಗಳ ನಡುವೆ ವ್ಯಾಪಾರ, ಯುದ್ಧ, ನೆಂಟಸ್ತನ, ಹಳೇ ದ್ವೇಷ ಇರಬೇಕು, ಮತ್ತು ಯಾರೋ ಒಬ್ಬರು ಒಂದು ರಾತ್ರಿ ಮಾಡುವ ತೀರ್ಮಾನದಿಂದ ಒಂದು ಸಾಮ್ರಾಜ್ಯವೇ ಅಲುಗಾಡಬೇಕು. ಮಂಗಳದ ಆ ಪುಣ್ಯಾತ್ಮನ ಜಗಳ ಇರುವುದು ಗಾಳಿ, ನೀರು, ಮಣ್ಣಿನ ಜೊತೆ. ಅಲ್ಲಿ ಲೆಕ್ಕ ತಪ್ಪಿದರೆ ಸಾವು. ಇಲ್ಲಿ ಮಾತು ತಪ್ಪಿದರೆ ಯುದ್ಧ.

‘ಇದರಲ್ಲಿ ವಿಜ್ಞಾನ ಎಲ್ಲಿದೆ, ಬೆಳಕಿಗಿಂತ ಜೋರಾಗಿ ಹೋಗುವುದು ಸಾಧ್ಯವಾ’ ಎಂದು ಕೇಳುವವರು ಇದ್ದೇ ಇರುತ್ತಾರೆ. ಸಾಧ್ಯ ಇಲ್ಲ, ಒಪ್ಪಿದೆ. 1977ರಲ್ಲಿ ಹೊರಟ ನಾಸಾದ ನೌಕೆ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅಷ್ಟು ದೂರ ಹೋಗಲು ಆ ವೇಗದಲ್ಲಿ 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಅಷ್ಟು ಹೊತ್ತಿಗೆ ಯಾವ ರಾಜನ ಸಿಟ್ಟು ಉಳಿದಿರುತ್ತದೆ, ಯಾವ ಮದುವೆ ಮಾತುಕತೆ ಮುಂದುವರಿಯುತ್ತದೆ? ಲೋಕಗಳು ನೆರೆಮನೆಯಂತೆ ಇರಬೇಕು ಎಂದೇ ಕತೆಗಾರರು ಬೆಳಕನ್ನು ಹಿಂದೆ ಹಾಕಿದ್ದು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಅದಿಲ್ಲದೆ ಈ ಕತೆಯೇ ನಡೆಯುವುದಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ಇಂಜಿನಿಯರಿಂಗ್ ಓದುವಾಗ ಇದೇ ಪ್ರಶ್ನೆ ಹಿಡಿದು ರೂಮ್‌ಮೇಟ್ ಜೊತೆ ಜಗಳ ಆಡಿದವನು ನಾನು. ಅವನು ಪ್ರೀತಿಯಿಂದ ಕೊಟ್ಟ ಪುಸ್ತಕವನ್ನು ತೆರೆಯದೆ ವಾಪಸ್ ಕೊಟ್ಟೆ. ಅದು ಇವತ್ತಿಗೂ ಚುಚ್ಚುತ್ತದೆ. ಅಪ್ಪ ತೀರಿಕೊಂಡ ವರ್ಷ ಆನ್ ಲೆಕಿ ಅವರ ‘ಆನ್ಸಿಲರಿ ಜಸ್ಟಿಸ್’ ಎಂಬ ಸ್ಪೇಸ್ ಒಪೆರಾ ಕಾದಂಬರಿ ಓದಿದೆ. ಸಾವಿರಾರು ದೇಹಗಳಲ್ಲಿ ಒಟ್ಟಿಗೆ ಬದುಕಿದ್ದ ಯುದ್ಧನೌಕೆಯ ಬುದ್ಧಿಯೊಂದು ಈಗ ಒಂದೇ ದೇಹದಲ್ಲಿ ಉಳಿದಿದೆ. ತನ್ನನ್ನು ಹೀಗೆ ಮಾಡಿದ ಆಳುವವರನ್ನು ಹುಡುಕಿ ಹೊರಟಿದೆ. ಆಳುವುದು ಒಬ್ಬರೇ, ಅವರಿಗೂ ಸಾವಿರಾರು ದೇಹ, ಅವರ ಮನಸ್ಸೇ ಒಡೆದು ತಮ್ಮ ವಿರುದ್ಧ ತಾವೇ ನಿಂತಿದ್ದಾರೆ. ಒಂದು ಜೀವದ ಒಂಟಿತನ ಮತ್ತು ಒಂದು ಸಾಮ್ರಾಜ್ಯದ ಬಿರುಕು ಒಂದೇ ಹಗ್ಗದ ಎರಡು ತುದಿ. ಮನೆ ಖಾಲಿಯಾಗಿದ್ದ ಆ ದಿನಗಳಲ್ಲಿ ಆ ನೌಕೆಯ ಸಂಕಟ ನನಗೆ ಅರ್ಥವಾದಷ್ಟು ಬೇರೆ ಯಾರ ಸಂಕಟವೂ ಅರ್ಥವಾಗಲಿಲ್ಲ.

‘ಹೆಸರಲ್ಲಿ ಏನಿದೆ, ಓದುವವರು ಓದುತ್ತಾರೆ’ ಎಂದು ಇಲ್ಲಿ ಯಾರಾದರೂ ಹೇಳಬಹುದು. ಓದುವುದಿಲ್ಲ ರೀ. ಹೋದ ತಿಂಗಳು ಅಕ್ಕನ ಮಗಳಿಗೆ ಕೊಟ್ಟದ್ದು ಇದೇ ‘ಆನ್ಸಿಲರಿ ಜಸ್ಟಿಸ್’. ಲೇಖನದ ಕೆಳಗೆ ಅವಳು ಬರೆದಿದ್ದಳು: ‘ಮಾಮ, ನನಗೆ ಹಾಡಿನ ನಾಟಕ ಎಲ್ಲ ಆಗಲ್ಲ, ಭಾನುವಾರ ಬಂದಾಗ ವಾಪಸ್ ಕೊಡ್ತೀನಿ.’

ಬರಲಿ. ಮೊದಲ ಎರಡು ಅಧ್ಯಾಯ ನಾನೇ ಜೋರಾಗಿ ಓದಿ ಹೇಳುತ್ತೇನೆ.