ಬೆರಕೆ ಸೊಪ್ಪು, ಬೆರಕೆ ಬಳ್ಳಿ

ದೊಡ್ಡಮ್ಮ ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಅವರು ಕುಡಿಯುವವರಲ್ಲ. ಎರಡು ಸಲ ಮೂಸಿ ನೋಡಿ, "ಹಗೇವು ತೆಗ್ದಂಗೈತೆ ಕಣೋ ಮಗಾ" ಅಂದರು.

ನಾನು ಪೋರ್ಚುಗಲ್ಲಿನ ಪೋರ್ಟೊ ಊರಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಇಂಥ ಕೆಂಪು ವೈನ್ ಬಗ್ಗೆ ಅಲ್ಲಿಯ ಜನ ಮಾತಾಡುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಮಣ್ಣು, ಕಲ್ಲು, ನೆನೆದ ಎಲೆ ಅಂತೆಲ್ಲ ಹೇಳುತ್ತಾರೆ. ಆದರೆ ಆ ವಾಸನೆಗೆ ಸರಿಯಾದ ಮಾತು ಸಿಕ್ಕಿದ್ದು ಚಿಕ್ಕಬಳ್ಳಾಪುರದ ಹತ್ತಿರ ನಮ್ಮೂರ ಜಗಲಿಯ ಮೇಲೆ. ಹಗೇವು ಅಂದರೆ ರಾಗಿ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಗುಂಡಿ. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಒಳಗಿನ ಗಾಳಿ ಉಸಿರು ಕಟ್ಟಿಸುತ್ತಿತ್ತು. ಅದು ಆರಿದ ಮೇಲೆ ಬರುತ್ತಿದ್ದದ್ದು ತಂಪು ಮಣ್ಣಿನ, ಹಳೇ ಕಾಳಿನ ಘಮ. ನನ್ನ ವಯಸ್ಸಿನವರಿಗೆ ಅದು ಮಸುಕು ನೆನಪು. ದೊಡ್ಡಮ್ಮನಿಗೆ ಅದು ಮೂಗಿನಲ್ಲೇ ಇತ್ತು.

ಕಳೆದ ಜೂನ್‌ನಲ್ಲಿ ಊರಿಗೆ ಬರುವಾಗ ಒಂದು ಬಾಟಲಿ ತಂದಿದ್ದೆ. ದೌರು ಕಣಿವೆಯದು. ಪೋರ್ಟೊದಿಂದ ರೈಲಿನಲ್ಲಿ ಹೊಳೆಯ ದಡ ಹಿಡಿದು ಎರಡು ಮೂರು ಗಂಟೆ ಹೋದರೆ ಸಿಗುವ ಕಡಿದಾದ ಬೆಟ್ಟಗಳು. ಬೆಟ್ಟದ ಮೈಗೆಲ್ಲ ಕಲ್ಲಿನ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಇಟ್ಟಿದ್ದಾರೆ. ಈ ಸೀಮೆಗೆ 1756ರಲ್ಲೇ ಗಡಿ ಗುರುತು ಹಾಕಿದ್ದರು. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಣ್ಣು ಅನ್ನುವಂಥದ್ದು ಅಲ್ಲಿ ಕಮ್ಮಿ. ಹಾಳೆ ಹಾಳೆಯಾಗಿ ಏಳುವ ಶಿಸ್ಟ್ ಕಲ್ಲು. ಬೇಸಿಗೆಯಲ್ಲಿ ಮಳೆ ಇಲ್ಲ, ಹಳೇ ತೋಟಕ್ಕೆ ನೀರು ಹಾಯಿಸುವವರೂ ಇಲ್ಲ. ಬೇರು ಕಲ್ಲಿನ ಸಂದಿ ಹುಡುಕಿಕೊಂಡು ಕೆಳಗಿಳಿಯುತ್ತದೆ.

ಅಲ್ಲಿಯ ಹಳೇ ತೋಟದಲ್ಲಿ ಒಂದು ಜಾತಿಯ ಬಳ್ಳಿ ಅಂತ ಇಲ್ಲ. ಒಂದೇ ಸಾಲಿನಲ್ಲಿ ಇಪ್ಪತ್ತು, ಮೂವತ್ತು, ಕೆಲವು ಕಡೆ ಇನ್ನೂ ಜಾಸ್ತಿ ಬಗೆ. ತೌರಿಗ ನಾಸಿಯೊನಾಲ್ ಪಕ್ಕದಲ್ಲಿ ಸೋಜಾವ್, ಅದರ ಪಕ್ಕ ತಿಂಟ ಹೊರೀಜ್, ನಡುವೆ ಎಲ್ಲೋ ಬಿಳಿ ದ್ರಾಕ್ಷಿಯದೂ ಒಂದು ಬಳ್ಳಿ. ಯಾವುದು ಯಾವುದೆಂದು ತೋಟದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಎಲ್ಲವನ್ನೂ ಒಂದೇ ದಿನ ಕಿತ್ತು, ಒಂದೇ ತೊಟ್ಟಿಗೆ ಹಾಕುತ್ತಾರೆ. ಗ್ರಾನೈಟ್ ಕಲ್ಲಿನ ಅಗಲವಾದ ತೊಟ್ಟಿ, ಲಗಾರ್ ಅಂತ ಹೆಸರು. ಕೆಲವು ಕಡೆ ಈಗಲೂ ಹೆಗಲ ಮೇಲೆ ಕೈ ಹಾಕಿಕೊಂಡು ಸಾಲಾಗಿ ನಿಂತು ಕಾಲಲ್ಲಿ ತುಳಿಯುತ್ತಾರೆ. ಒಂದು ಬಳ್ಳಿಯ ಹಣ್ಣು ಚೆನ್ನಾಗಿ ಕಳಿತಿರುತ್ತದೆ, ಇನ್ನೊಂದರದು ಇನ್ನೂ ಹುಳಿ. ಎಲ್ಲ ಒಟ್ಟಿಗೇ ಹುದುಗುತ್ತದೆ.

ಅವತ್ತು ಬೆಳಿಗ್ಗೆ ದೊಡ್ಡಮ್ಮ ಹೊಲದ ಬದುವಿಗೆ ಹೋಗಿ ಮಡಿಲು ತುಂಬ ಸೊಪ್ಪು ಕುಯ್ದು ತಂದಿದ್ದರು. ಮುಂಗಾರು ಎರಡು ಹದ ಬಿದ್ದಿತ್ತು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ, ಹೊನಗೊನೆ, ಚಿಲಕರಿವೆ, ಹೆಸರು ನನಗೆ ಮರೆತೇ ಹೋದ ಇನ್ನೂ ಮೂರು. ಬಸ್ಸಾರಿಗೆ. "ಒಂದೇ ಸೊಪ್ಪಾದ್ರೆ ಸಪ್ಪೆ. ಗೋಣಿ ಸೊಪ್ಪು ಹುಳಿ ಕೊಡ್ತೈತೆ, ಗಣಿಕೆ ಒಂಚೂರು ಕಹಿ, ಅಣ್ಣೆ ಸೊಪ್ಪು ಮೈ ತುಂಬ್ತೈತೆ" ಅಂತ ಬಿಡಿಸುತ್ತಾ ಹೇಳಿದರು. ದೌರುವಿನಲ್ಲಿ ಒಬ್ಬ ಮುದುಕ ತೋಟಗಾರ ಬಳ್ಳಿಗಳ ಬಗ್ಗೆ ನನಗೆ ಹೇಳಿದ್ದೂ ಇದೇ ಧಾಟಿಯಲ್ಲಿ. ಸೋಜಾವ್ ಬಣ್ಣ ಮತ್ತು ಹುಳಿ ಕೊಡುತ್ತದೆ, ತೌರಿಗ ನಾಸಿಯೊನಾಲ್ ಘಮ ಕೊಡುತ್ತದೆ, ಮಿಕ್ಕವು ಮೈ ಕಟ್ಟುತ್ತವೆ ಅಂದಿದ್ದ. ಇಂಥ ವೈನಿಗೆ ಇಂಗ್ಲಿಷಿನವರು ಏನೇನೋ ಹೆಸರು ಇಟ್ಟಿದ್ದಾರೆ. ನಮಗೆ ಬೆರಕೆ ಅನ್ನುವ ಮಾತು ಇದೆ, ಅದಕ್ಕಿಂತ ಚೆನ್ನಾದ್ದು ಬೇಡ.

ಫ್ರಿಜ್ಜಿನಲ್ಲಿಟ್ಟರೆ ಕೆಂಪು ವೈನ್ ಬಾಯಿ ಮುಚ್ಚಿಕೊಳ್ಳುತ್ತದೆ, ಹೊರಗಿಟ್ಟರೆ ಸೆಕೆಗೆ ಬರೀ ಸ್ಪಿರಿಟ್ ವಾಸನೆ. ಅತ್ತಿಗೆ ಒದ್ದೆ ಬಟ್ಟೆ ಸುತ್ತಿ ನೀರಿನ ಮಡಕೆ ಪಕ್ಕ ಇಟ್ಟರು. ಒಂದು ಗಂಟೆಯಲ್ಲಿ ಹದವಾಗಿ ತಣ್ಣಗಾಗಿತ್ತು. ಅಣ್ಣನಿಗೂ ನನಗೂ ಸ್ಟೀಲ್ ಲೋಟ. ಅಣ್ಣ ಮೊದಲ ಗುಟುಕಿಗೇ ನಾಲಿಗೆ ಚಪ್ಪರಿಸಿ "ಒಗರು" ಅಂದ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುವ ಅದೇ ಒಗರು. ಆಮೇಲೆ ಬಂದದ್ದು ಬಳಪ. ಸ್ಕೂಲಲ್ಲಿ ಬಳಪ ಕಚ್ಚಿ ಬೈಸಿಕೊಂಡವರಿಗೆ ಈ ರುಚಿ ಬಿಡಿಸಿ ಹೇಳಬೇಕಿಲ್ಲ. ತಣ್ಣಗೆ, ನುಣ್ಣಗೆ, ಉಪ್ಪೂ ಅಲ್ಲದ ಹುಳಿಯೂ ಅಲ್ಲದ ಕಲ್ಲಿನ ರುಚಿ. ನುಂಗಿದ ಮೇಲೂ ಅರ್ಧ ನಿಮಿಷ ಬಾಯಲ್ಲಿ ನಿಂತಿತ್ತು. ಹಣ್ಣು ಎಲ್ಲೋ ಹಿಂದೆ ಇತ್ತು.

ಕಲ್ಲೇ ಬೇರಿನಿಂದ ಹಣ್ಣಿಗೆ ಹತ್ತಿ ಲೋಟಕ್ಕೆ ಇಳಿಯುತ್ತದೆ ಅಂತ ಮಾರುವವರು ಹೇಳುತ್ತಾರೆ. ಭೂವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಬೇರು ಹೀರುವ ಖನಿಜ ತೀರಾ ಕಮ್ಮಿ, ಅದಕ್ಕೆ ಹೆಚ್ಚುಕಮ್ಮಿ ರುಚಿಯೇ ಇಲ್ಲ. ನೀರು ಎಷ್ಟು ಸಿಕ್ಕಿತು, ಬಿಸಿಲು ಎಷ್ಟು ಬಿತ್ತು, ಹಣ್ಣಲ್ಲಿ ಹುಳಿ ಎಷ್ಟು ಉಳಿಯಿತು, ಹೇಗೆ ಹುದುಗಿತು, ಇವೆಲ್ಲ ಸೇರಿ ಆಗುವ ರುಚಿ ಅದು. ಮೊದಲ ಮಳೆಯ ಮಣ್ಣಿನ ವಾಸನೆಯೂ ಹಾಗೇ ಅಲ್ವಾ? ಅದರಲ್ಲಿ ದೊಡ್ಡ ಪಾಲು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅನ್ನುವ ವಸ್ತುವಿನದು. ಇದು ಗೊತ್ತಾದ ಮೇಲೂ ಮಳೆಯ ವಾಸನೆ ನನಗೆ ಕಮ್ಮಿ ಇಷ್ಟವಾಗಿಲ್ಲ.

ನಾಟಿ ಕೋಳಿ ಸಾರಿನ ಜೊತೆ ಈ ವೈನ್ ಹೊಂದಲಿಲ್ಲ. ಖಾರಕ್ಕೆ ಒಗರು ಸೇರಿ ಬಾಯೆಲ್ಲ ಕಹಿಯಾಯಿತು. ಮುದ್ದೆ ಬಸ್ಸಾರಿಗೆ ಮಾತ್ರ ಎಷ್ಟು ಚೆನ್ನಾಗಿ ಕೂತಿತು ಅಂದರೆ ಅಣ್ಣ ಮಾತೇ ಆಡಲಿಲ್ಲ. ರಾಗಿಯಲ್ಲೂ ಮಣ್ಣಿನ ಘಮ ಇದೆ, ಬೆಂದ ಸೊಪ್ಪಿನಲ್ಲೂ ಇದೆ.

ಈಗ ನನ್ನ ಮನಸ್ಸಿನಲ್ಲಿರುವ ಮಾತು. ಅಣ್ಣನಿಗೆ ಎರಡು ಎಕರೆ ದ್ರಾಕ್ಷಿ ಇದೆ. ಕಲ್ಲುಕಂಬ, ತಂತಿ ಚಪ್ಪರ, ಬೆಂಗಳೂರು ಬ್ಲೂ. ಭೌಗೋಳಿಕ ಸೂಚಿಕೆ ಪಡೆದ ನಮ್ಮ ಸೀಮೆಯ ಹಣ್ಣು. ಅದರಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದೆ, ಆ ಜೋರು ಘಮ ಅಲ್ಲಿಂದ ಬಂದದ್ದು. ಅದರಿಂದ ದೌರುವಿನ ವೈನ್ ಆಗುವುದಿಲ್ಲ, ಆಗಬೇಕಿಲ್ಲ. ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಹೋಗುತ್ತದೆ. ಪೋರ್ಟ್ ಅನ್ನುವ ಹೆಸರು ನಾನಿರುವ ಊರಿನದು. ನಾನು ಚಿಕ್ಕವನಿದ್ದಾಗ ತಾತ ಇಟ್ಟ ತೋಟದಲ್ಲಿ ಬ್ಲೂ ಜೊತೆ ಅನಾಬ್‌ಶಾಹಿಯೂ ಒಂದೆರಡು ಸಾಲು ಇತ್ತು. ಬುಡ ನನ್ನ ತೊಡೆಯಷ್ಟು ದಪ್ಪ. ಇಳುವರಿ ಇಳಿಯಿತು ಅಂತ ಅದನ್ನು ಕಿತ್ತು ಗುಲಾಬಿ ಇಟ್ಟರು. ಅಣ್ಣನದು ತಪ್ಪು ಅಂತ ನಾನು ಹೇಳಲಾರೆ. ಅಲ್ಲಿ ಚಳಿಗೆ ಬಳ್ಳಿ ನಾಲ್ಕು ತಿಂಗಳು ಮಲಗುತ್ತದೆ. ನಮ್ಮಲ್ಲಿ ಮಲಗುವುದೇ ಇಲ್ಲ, ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ, ಅಂದರೆ ಬಳ್ಳಿ ಕತ್ತರಿಸಿ, ಎಬ್ಬಿಸುತ್ತೇವೆ, ಬೇಗ ಸವೆಯುತ್ತದೆ. ಬೋರು ಸಾವಿರ ಅಡಿ ದಾಟಿದೆ, ಡ್ರಿಪ್ಪಿನ ನೀರು ಕುಡಿದ ಬೇರು ಮೇಲೆಯೇ ಉಳಿಯುತ್ತದೆ. ಮಂಡಿಯಲ್ಲಿ ಎಳೆ ತೋಟದ ಹಣ್ಣಿಗೂ ಹಳೇ ತೋಟದ ಹಣ್ಣಿಗೂ ಒಂದೇ ರೇಟು.

ವ್ಯತ್ಯಾಸ ಇರುವುದು ಈ ರೇಟಿನಲ್ಲೇ ಅಂತ ನನಗೆ ಅನಿಸುತ್ತದೆ. ಪೋರ್ಚುಗಲ್ಲಿನವರು ಹುಟ್ಟಾ ಜಾಣರು, ನಾವು ದಡ್ಡರು ಅಂತೇನಿಲ್ಲ. ಅವರೂ ಕಿತ್ತಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲ ಬಂತು. ಐದು ತಳಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಪಟ್ಟೆಯಲ್ಲಿ ನೆಡಿ ಅಂದರು. ನೆಟ್ಟರು. ಬೆರಕೆ ತೋಟ ಹಳೇ ಕಾಲದ ಅಜ್ಞಾನ ಅನ್ನುವ ಹಾಗೆ ನೋಡಿದರು. ಆಮೇಲೆ ಉಳಿದ ತುಂಡು ತೋಟಗಳ ವೈನ್ ಕುಡಿದು ನೋಡಿದಾಗ ಏನು ಕಳೆದುಕೊಂಡೆವೆಂದು ಗೊತ್ತಾಯಿತು. ಈಗ ಬಾಟಲಿಯ ಮೇಲೆ "ವೀನ್ಯಶ್ ವೆಲ್ಯಶ್", ಅಂದರೆ ಹಳೇ ಬಳ್ಳಿ, ಅಂತ ಬರೆದಿದ್ದರೆ ಜನ ಒಂದು ಪಟ್ಟು ಜಾಸ್ತಿ ಕೊಟ್ಟು ಒಯ್ಯುತ್ತಾರೆ. ಬಳ್ಳಿಗೆ ಒಂದು ಕೆಜಿ ಹಣ್ಣು ಬಂದರೂ ರೈತ ಕೀಳುವುದಿಲ್ಲ.

ನಮ್ಮಲ್ಲಿ ಬೆರಕೆ ಇದ್ದದ್ದು ರಾಗಿ ಹೊಲದಲ್ಲಿ. ಅಕ್ಕಡಿ ಸಾಲು. ಆರು ಸಾಲು, ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ನಡುವೆ ಸಾಸಿವೆ. ಮಳೆ ಕೈಕೊಟ್ಟರೆ ರಾಗಿ ಹೋದರೂ ತೊಗರಿ ನಿಲ್ಲುತ್ತಿತ್ತು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು. ಇದು ಬಡವರ ಬೇಸಾಯ ಅಂತ ನಾವೇ ಅಂದುಕೊಂಡೆವು. ಕೊಯ್ಯುವ ಮಿಷನ್ನಿಗೆ ಒಂದೇ ಬೆಳೆ ಬೇಕು, ಕೂಲಿ ಆಳು ಸಿಗುವುದಿಲ್ಲ, ನಿಜ. ಆದರೆ ಅಕ್ಕಡಿ ಹೊಲದ ಅವರೆ ಕಾಳಿಗೆ ಬೇರೆ ರೇಟು ಕೊಡಬಲ್ಲ ಜನ ಬೆಂಗಳೂರಿನಲ್ಲಿ ಇದ್ದಾರೆ, ಅರವತ್ತು ಕಿಲೋಮೀಟರ್ ದೂರದಲ್ಲಿ. ಸೊನೆ ಇರುವ ಅವರೆಕಾಯಿಯನ್ನು ಮೂಸಿ ಕೊಳ್ಳುವ ಜನ ನಾವು. ಆ ಮೂಗು ಇನ್ನೂ ಇದೆ.

ವೈನಿನ ವಿಷಯದಲ್ಲೂ ಇದೇ ನನ್ನ ಆಸೆ. ನಂದಿ ಬೆಟ್ಟದ ಬುಡದಲ್ಲಿ 1980ರ ದಶಕದ ಕೊನೆಯಿಂದ ವೈನ್ ದ್ರಾಕ್ಷಿ ಬೆಳೆಯುತ್ತಿದ್ದಾರೆ. 2007ರಲ್ಲಿ ರಾಜ್ಯಕ್ಕೆ ವೈನ್ ನೀತಿಯೂ ಬಂತು. ಬಾಟಲಿಗಳ ಮೇಲೆ ಕ್ಯಾಬರ್ನೆ, ಶಿರಾಜ್ ಅಂತ ಒಂದೊಂದೇ ಹೆಸರು. ಚೆನ್ನಾಗಿಯೇ ಮಾಡುತ್ತಾರೆ. ಆದರೆ ನಮ್ಮ ಕೆಂಪು ಮಣ್ಣಿನಲ್ಲಿ, ಗ್ರಾನೈಟ್ ಬಂಡೆಯ ಪಕ್ಕದಲ್ಲಿ, ಯಾರಾದರೂ ಒಂದು ಎಕರೆಗೆ ಹತ್ತು ಹದಿನೈದು ಬಗೆ ಬೆರೆಸಿ ನೆಟ್ಟು, ಮೂವತ್ತು ವರ್ಷ ಕೀಳದೆ ಬಿಟ್ಟರೆ? ಆ ರುಚಿ ಹೇಗಿರುತ್ತದೆ ಅಂತ ನಾನು ಕುಡಿದು ನೋಡಬೇಕು. ದೌರುವಿನ ಹಾಗೆ ಇರಬಾರದು. ಚಿಕ್ಕಬಳ್ಳಾಪುರದ ಹಾಗೆ ಇರಬೇಕು.

ಕುಡಿಯುವ ರೀತಿಯ ಬಗ್ಗೆಯೂ ಒಂದು ಮಾತು. ಅಲ್ಲಿ ಅಜ್ಜಿ, ಮಗ, ಸೊಸೆ ಊಟದ ಮೇಜಿನಲ್ಲೇ ಒಂದು ಲೋಟ ಕುಡಿದು ಎದ್ದು ಕೆಲಸಕ್ಕೆ ಹೋಗುತ್ತಾರೆ. ನಮ್ಮಲ್ಲಿ ಊರಾಚೆ ಬಾರಿನಲ್ಲಿ ನಿಂತು, ಗಟಗಟ ಇಳಿಸಿ, ಉಪ್ಪಿನಕಾಯಿ ನೆಕ್ಕಿ ಬರುತ್ತಾರೆ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಬೀದಿಯಲ್ಲೇ ಇವೆ, ಹಾಗಾಗಿ ಎಲ್ಲರೂ ಕುಡಿಯಿರಿ ಅಂತ ನಾನು ಬರೆಯಲಾರೆ. ಅವತ್ತು ಜಗಲಿಯ ಮೇಲೆ, ದೊಡ್ಡಮ್ಮನ ಎದುರಿಗೆ, ಊಟದ ಜೊತೆ ಕುಡಿದಾಗ ಇಬ್ಬರಿಗೂ ಒಂದೊಂದು ಲೋಟವೇ ಸಾಕಾಯಿತು. ಅಷ್ಟನ್ನು ಮಾತ್ರ ಹೇಳುತ್ತೇನೆ.

ಅರ್ಧ ಬಾಟಲಿ ಉಳಿಯಿತು. ಬಿರಟೆ ಹಾಕಿ ಅದೇ ಮಡಕೆ ಪಕ್ಕ ಇಟ್ಟೆವು. ಮಾರನೇ ದಿನ ರಾತ್ರಿ ತೆಗೆದಾಗ ಒಗರು ಇಳಿದಿತ್ತು, ಬಳಪ ಹಾಗೇ ಇತ್ತು, ಹಿಂದಿದ್ದ ಹಣ್ಣು ಮುಂದೆ ಬಂದಿತ್ತು. ಅತ್ತಿಗೆ ನಿನ್ನೆಯ ಬಸ್ಸಾರನ್ನೇ ಬಿಸಿ ಮಾಡಿ ಬಡಿಸಿದರು. ಅಣ್ಣ ಮುದ್ದೆ ಮುರಿದು ಅದ್ದಿ ನುಂಗಿ, ಲೋಟ ಎತ್ತಿ ಒಂದು ಗುಟುಕು ಕುಡಿದ.

"ಎರಡೂ ನಿನ್ನೆಗಿಂತ ಇವತ್ತೇ ಚೆಂದಾಗೈತೆ" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಬಾವಿಯ ಹತ್ತಿರ ತಾತನ ಕಾಲದ ನಾಲ್ಕು ಬಳ್ಳಿ ಇನ್ನೂ ಇವೆ, ಬೆಳಿಗ್ಗೆ ಹೋಗಿ ನೋಡೋಣ ಬಾ ಅಂದ.