ತಟ್ಟೆ ಇಡ್ಲಿಯ ಪಕ್ಕದಲ್ಲಿ ಕಲ್ಲಂಗಡಿ

ನಮ್ಮ ಯಜಮಾನರ ರಕ್ತದಲ್ಲಿ ಸಕ್ಕರೆಯ ಅಂಶ ಗಡಿಯ ಮೇಲೆ ನಿಂತಿದೆಯೆಂದು ವೈದ್ಯರು ಹೇಳಿದ ದಿನವೇ ಮನೆಯಲ್ಲಿ ವಡೆಯ ಮೇಲೆ ಅನುಮಾನ ಶುರುವಾಯಿತು. ತುಮಕೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇಡ್ಲಿಯನ್ನು ಬಿಡಿ ಎನ್ನುವುದು ಆಗಹೋಗದ ಮಾತು. ಆದ್ದರಿಂದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತನ್ನ ಪಾಡಿಗೆ ತಾನಿರಲಿ, ಅದರ ಮಗ್ಗುಲಿನಲ್ಲಿ ಮಾತ್ರ ವಡೆಯ ಬದಲು ಹೆಚ್ಚಿದ ಹಣ್ಣು ಇರಲಿ ಎಂದು ಅವರು ತೀರ್ಮಾನಿಸಿದರು. ತೀರ್ಮಾನ ಅವರದು, ಹೆಚ್ಚುವ ಕೆಲಸ ನನ್ನದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಮ್ಮ ಪರವಾಗಿ ಅವರು ಅಮೆರಿಕದಿಂದಲೇ ಸಾಕ್ಷಿಯನ್ನು ಕರೆಸಿದರು. ಅಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿಯು 2004ರಲ್ಲೇ ಸೇಬಿನ ಹೋಳುಗಳನ್ನು ಪೊಟ್ಟಣದಲ್ಲಿ ಮಾರಲು ತೊಡಗಿತ್ತೆಂದೂ, 2011ರಲ್ಲಿ ಮಕ್ಕಳ ಹ್ಯಾಪಿ ಮೀಲ್‌ನಲ್ಲಿ ಕರಿದ ಆಲೂಗಡ್ಡೆಯನ್ನು ಕಡಿಮೆ ಮಾಡಿ ಸೇಬನ್ನು ಸೇರಿಸುವುದಾಗಿ ಘೋಷಿಸಿತೆಂದೂ ಮೊಬೈಲ್ ನೋಡಿಕೊಂಡು ಗಟ್ಟಿಯಾಗಿ ಓದಿದರು. ಮೊದಮೊದಲು ಆ ಹೋಳುಗಳ ಜೊತೆ ಅದ್ದಿಕೊಳ್ಳಲು ಸಿಹಿ ಕ್ಯಾರಮೆಲ್ ಕೂಡ ಕೊಡುತ್ತಿದ್ದರೆಂಬ ಸಾಲು ಬಂದಾಗ ಮಾತ್ರ ಅವರ ದನಿ ತಗ್ಗಿ, ಮುಂದಿನ ಪ್ಯಾರಾದಲ್ಲಿ ಮತ್ತೆ ಏರಿತು.

ಹೀಗಾಗಿ ನಾವೂ ಸೇಬಿನಿಂದಲೇ ಆರಂಭಿಸಿದೆವು. ಬೆಳಿಗ್ಗೆ ಏಳಕ್ಕೆ ಹೆಚ್ಚಿ ಡಬ್ಬಿಗೆ ತುಂಬಿದ ಬಿಳಿಯ ಹೋಳುಗಳು ಮಧ್ಯಾಹ್ನ ಕಚೇರಿಯಲ್ಲಿ ಮುಚ್ಚಳ ತೆರೆಯುವ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿ, ಯಾರೋ ತಿಂದು ಬಿಟ್ಟದ್ದನ್ನು ಕಟ್ಟಿಕೊಟ್ಟಂತೆ ಕಾಣುತ್ತಿದ್ದವು. ಹಣ್ಣನ್ನು ಕೊಯ್ದಾಗ ಒಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಗಾಳಿಯ ಆಮ್ಲಜನಕ ಸಿಕ್ಕಿ ಹೀಗಾಗುತ್ತದೆ ಎಂದು ಕಾಲೇಜು ಓದುವ ಮಗ ವಿವರಿಸಿದ. ಅತ್ತೆಯವರಿಗೆ ಕಿಣ್ವದ ಹೆಸರು ಬೇಕಾಗಿರಲಿಲ್ಲ. "ಬಾಳೆದಿಂಡು ಹೆಚ್ಚಿದ್ರೆ ಮಜ್ಜಿಗೆ ನೀರಿಗೆ ಹಾಕಲ್ವೇನಮ್ಮ? ಇದನ್ನೂ ಹಾಕು" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಲ್ಲದೆ, ಮರುದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಕೈಗೆ ಸಿಕ್ಕಿದ ಪಾತ್ರೆಯಲ್ಲಿ ಹೋಳುಗಳನ್ನು ತಾವೇ ಅದ್ದಿ ತೆಗೆದು ಡಬ್ಬಿಗೆ ತುಂಬಿಟ್ಟರು. ಅದು ಇಂಗು, ಕರಿಬೇವಿನ ಒಗ್ಗರಣೆ ಬಿದ್ದಿದ್ದ ಮಜ್ಜಿಗೆ. ಬಣ್ಣ ನಿಜಕ್ಕೂ ಕೆಡಲಿಲ್ಲ. ಆದರೆ ಪಕ್ಕದ ಮೇಜಿನವರು ಒಂದು ಹೋಳು ಬಾಯಿಗೆ ಹಾಕಿಕೊಂಡು, "ಮೂಲಂಗಿ ಚೆನ್ನಾಗಿದೆ ಸಾರ್, ಸ್ವಲ್ಪ ಸಿಹಿ ಜಾಸ್ತಿ" ಎಂದರಂತೆ. ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಕ್ಯಾಲ್ಸಿಯಂ ಆಸ್ಕಾರ್ಬೇಟ್ ಎಂಬ, ವಿಟಮಿನ್ ಸಿ ಬಳಗದ ಲವಣದ ದ್ರಾವಣವನ್ನು ಬಳಸುತ್ತಾರೆ. ನಮ್ಮ ಮನೆಯಲ್ಲಿ ಕೊನೆಗೆ ನಿಂಬೆರಸ ಆ ಜಾಗಕ್ಕೆ ಬಂತು.

ಹೆಚ್ಚಿದ ಹಣ್ಣಿನ ಅನುಕೂಲವನ್ನು ಹೊಗಳುವವರೆಲ್ಲ ಅದನ್ನು ತಿನ್ನುವವರೇ ಹೊರತು ಹೆಚ್ಚುವವರಲ್ಲ ಎಂಬ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಹಲಸಿನ ಕಾಲದಲ್ಲಿ. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ನೆಂಟರು ಸಿದ್ದು ಹಲಸಿನ ಹಣ್ಣೊಂದನ್ನು ತಂದುಕೊಟ್ಟರು. ಆ ಭಾಗದ ರೈತರೊಬ್ಬರ ತೋಟದಲ್ಲಿದ್ದ ಈ ತಳಿಯನ್ನು ನಮ್ಮ ಹಿರೇಹಳ್ಳಿಯ ತೋಟಗಾರಿಕಾ ವಿಜ್ಞಾನಿಗಳು ನಾಡಿಗೆ ಪರಿಚಯಿಸಿದ್ದು. ಗಾತ್ರ ಚಿಕ್ಕದು, ತೊಳೆ ತಾಮ್ರದಂಥ ಕೆಂಪು. ಚಿಕ್ಕ ಹಣ್ಣಾದ್ದರಿಂದ ಇಂದು ತಾವೇ ಬಿಡಿಸುವುದಾಗಿ ಯಜಮಾನರು ಇಸ್ತ್ರಿ ಮಾಡಿದ ಅಂಗಿಯಲ್ಲೇ ಈಳಿಗೆ ಮಣೆಯ ಮುಂದೆ ಕುಳಿತರು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ ಎಂದು ನಾನು ಹೇಳುತ್ತಿರುವಾಗಲೇ ಮೊಬೈಲ್ ಬಡಿದುಕೊಂಡಿತು. ಮೇಣ ಮೆತ್ತಿದ ಬೆರಳಿಗೆ ಮೊಬೈಲ್ ಅಂಟಿತು, ಬೆರಳಚ್ಚು ಗುರುತು ಸಿಗದೆ ಮೊಬೈಲ್ ತೆರೆಯಲಿಲ್ಲ, ಮೇಲಧಿಕಾರಿಗಳ ಕರೆ ತಾನಾಗಿ ನಿಂತುಹೋಯಿತು. ಅಷ್ಟರಲ್ಲಿ ಅತ್ತೆಯವರು ಬಾಗಿಲಲ್ಲಿ ನಿಂತು, "ಹಸಿದು ಹಲಸು, ಉಂಡು ಮಾವು ಅಂತಾರೆ ಕಣೋ. ತಿಂಡಿ ಜೊತೆ ನೆಂಚಿಕೊಂಡು ತಿನ್ನೋ ಹಣ್ಣು ಯಾವುದು ಅಂತ ಯಾರೂ ಹೇಳಿಲ್ಲ" ಎಂದರು. ಮಗನೇನೋ ಮದುವೆ ಮನೆಯ ಮೊಸರನ್ನದಲ್ಲಿ ದ್ರಾಕ್ಷಿ, ದಾಳಿಂಬೆ ಇರುವುದಿಲ್ಲವೇ ಎಂದು ವಾದಿಸಿದ. ಆ ಉತ್ಸಾಹದಲ್ಲೇ ತನ್ನ ಮೊಸರನ್ನದ ಡಬ್ಬಿಗೆ ಅನಾನಸ್ ಬೆರೆಸಿಕೊಂಡು ಹೋಗಿ, ಸಂಜೆ ಮುಖ ಕಹಿ ಮಾಡಿಕೊಂಡು ಬಂದ. ಅನಾನಸ್ಸಿನ ಬ್ರೊಮೆಲೇನ್ ಎಂಬ ಕಿಣ್ವ ಹಾಲು ಮೊಸರಿನ ಪ್ರೋಟೀನನ್ನು ಒಡೆದು ಕಹಿಯಾಗಿಸುತ್ತದೆಂಬುದನ್ನು ಅಂದು ಅವನು ಯಾರಿಗೂ ವಿವರಿಸಲಿಲ್ಲ.

ಇಷ್ಟಾದರೂ ಮೂಲ ಯೋಜನೆ, ಅಂದರೆ ಹೋಟೆಲಿನ ತಟ್ಟೆ ಇಡ್ಲಿಯ ಜೊತೆಗೇ ಹಣ್ಣು ತಿನ್ನುವುದು, ಬಾಕಿ ಉಳಿದಿತ್ತು. ಒಂದು ಭಾನುವಾರ ಬಿ.ಎಚ್. ರಸ್ತೆಯ ಬದಿಯ ತಳ್ಳುಗಾಡಿಯ ಮುಂದೆ ಸ್ಕೂಟರ್ ನಿಲ್ಲಿಸಿದರು. ಸಿಪ್ಪೆಯ ಮೇಲಿನ ಕೊಳೆ ಚಾಕುವಿನ ಜೊತೆ ತಿರುಳಿಗೆ ಇಳಿಯುತ್ತದೆ, ಕೊಯ್ಯುವ ಮೊದಲು ಹಣ್ಣನ್ನು ತೊಳೆಯಬೇಕು, ಹೆಚ್ಚಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು ಎಂದೆಲ್ಲ ಓದಿಕೊಂಡಿದ್ದ ನಾನು ಇಡೀ ಕಲ್ಲಂಗಡಿಯನ್ನು ಕಣ್ಣೆದುರೇ ತೊಳೆಸಿ ಕೊಯ್ಸಿದೆ. ಅಷ್ಟು ಕಾವಲು ಕಾಯ್ದರೂ ಕೊನೆಯ ಗಳಿಗೆಯಲ್ಲಿ ಗಾಡಿಯವನು ಪ್ರೀತಿಯಿಂದ ಉಪ್ಪು, ಖಾರದ ಪುಡಿ ಉದುರಿಸಿ ತೆಳು ಪ್ಲಾಸ್ಟಿಕ್ ಡಬ್ಬಿಯನ್ನು ಮುಚ್ಚಿಬಿಟ್ಟ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಸೌತೆಕಾಯಿ ಕೋಸಂಬರಿ ಮಾಡಿದವರೆಲ್ಲರೂ ಬಲ್ಲಂತೆ, ಉಪ್ಪು ಬಿದ್ದೊಡನೆ ಆ ನೀರು ಹೊರಗೆ ಹೊರಡುತ್ತದೆ; ಅದಕ್ಕೇ ನಾವು ಕೋಸಂಬರಿಗೆ ಉಪ್ಪನ್ನು ಎಲೆಗೆ ಬಡಿಸುವ ಹೊತ್ತಿನಲ್ಲಿ ಹಾಕುವುದು.

ಕ್ಯಾತ್ಸಂದ್ರ ತಲುಪುವಷ್ಟರಲ್ಲಿ ಡಬ್ಬಿಯೊಳಗೆ ಹೋಳುಗಳು ಮುಕ್ಕಾಲು ಮುಳುಗಿದ್ದವು. ಹೋಟೆಲಿನಲ್ಲಿ ಭಾನುವಾರದ ಜನ; ನಮ್ಮ ಎದುರಿಗೆ ಯಾರೋ ಹಿರಿಯರು ಆಗಷ್ಟೇ ಇಡ್ಲಿಗೆ ಕೈ ಹಾಕಿದ್ದರು. ಯಜಮಾನರು ಮುಚ್ಚಳವನ್ನು ಎಳೆದರು, ಅದು ಬರಲಿಲ್ಲ; ಬಲವಾಗಿ ಎಳೆದರು, ಒಮ್ಮೆಗೇ ಬಂತು. ಖಾರದ ಪುಡಿ ತೇಲುತ್ತಿದ್ದ ಕೆಂಪು ನೀರು ಕಲ್ಲಿನ ಮೇಜಿನ ಮೇಲೆ ಇಳಿಜಾರು ಹುಡುಕಿಕೊಂಡು, ಒಂದು ಕವಲಾಗಿ ನನ್ನ ಸೀರೆಯ ಕಡೆಗೂ ಇನ್ನೊಂದು ಕವಲಾಗಿ ಎದುರಿನವರ ತಟ್ಟೆಯ ಕೆಳಗೂ ಹರಿಯಿತು. ಒಂದು ಹೋಳು ಜಾರಿ ಅವರ ಚಟ್ನಿಯಲ್ಲಿ ಕುಳಿತುಕೊಂಡಿತು. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿ, "ಇದಕ್ಕೆ ಬೇರೆ ದುಡ್ಡು ಕೊಡಬೇಕಾ ಸ್ವಾಮಿ?" ಎಂದು ಕೇಳಿದರು. ಒರೆಸುವ ಬಟ್ಟೆ ಹಿಡಿದು ಓಡಿ ಬಂದ ಸಪ್ಲೈಯರ್ ಹುಡುಗ, "ಹೊರಗಿನ್ ತಿಂಡಿ ಒಳಗೆ ತರಂಗಿಲ್ಲ ಸಾರ್" ಎಂದ. ಇದು ತಿಂಡಿಯಲ್ಲ, ಆರೋಗ್ಯ ಎಂದು ಯಜಮಾನರು ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎದುರಿನವರಿಗೆ ಹೊಸ ತಟ್ಟೆ ಬಂತು. ಸಂಕೋಚಕ್ಕೆ ಯಜಮಾನರು ಅವರಿಗೊಂದು ವಡೆಯನ್ನೂ ಹೇಳಿದರು, ಜೊತೆಗೆ ತಮಗೂ ಒಂದು. ನಾನು ಮುಖ ನೋಡಿದ್ದಕ್ಕೆ ಗಂಟಲು ಸರಿಮಾಡಿಕೊಂಡು, ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನು ನೆನಪಿಸಿದರು. ಆಮೇಲೆ ತಟ್ಟೆಯ ಕಡೆಗೆ ಬೆರಳು ತೋರಿಸಿ, "ನೋಡೇ, ನಮ್ಮದು ಕಲ್ಪತರು ನಾಡು. ಸಸ್ಯಶಾಸ್ತ್ರದ ಪ್ರಕಾರ ತೆಂಗಿನಕಾಯಿನೂ ಒಂದು ಹಣ್ಣೇ. ಅಮೆರಿಕದವರು ಸೇಬು ಇಟ್ಟುಕೊಳ್ಳಲಿ, ನಮ್ಮ ಇಡ್ಲಿ ಪಕ್ಕದಲ್ಲಿ ಹಣ್ಣು ಮೊದಲಿಂದನೂ ಇದೆ" ಎಂದರು. ಮಗ ಬಾಯಿ ತೆರೆಯುವ ಮೊದಲೇ ಹುಡುಗನನ್ನು ಕೂಗಿ ಕರೆದು, ಇನ್ನೆರಡು ಬಟ್ಟಲು ಚಟ್ನಿ ತರಲು ಹೇಳಿದರು.