ಮೈಮೇಲೆ ಹರಿದರೆ ಸಾವೇ? ಜರಿಯ ‘ಸಯನೈಡ್’ ಕಥೆ

ಮಳೆ ಶುರುವಾದ ಕೂಡಲೇ ವಾಟ್ಸಾಪ್‌ಗೆ ಆ ಸಂದೇಶವೂ ಬರುತ್ತದೆ: ಜರಿಹುಳ ಮೈಮೇಲೆ ಹರಿದರೆ ಸಾಕು, ಸಯನೈಡ್ ಚರ್ಮಕ್ಕಿಳಿದು ಜೀವ ಹೋಗುತ್ತದಂತೆ. ಮಕ್ಕಳಿರುವ ಮನೆಯವರು ಹೆದರಿ ಮುಂದೆ ಕಳಿಸುವುದು ಸಹಜವೇ. ಆದರೆ ಹಾಗೇನೂ ಆಗುವುದಿಲ್ಲ. ಹಾಗಂತ ಸಯನೈಡ್ ಅನ್ನುವ ಮಾತು ಪೂರ್ತಿ ಕಟ್ಟುಕಥೆಯೂ ಅಲ್ಲ, ಗೊಂದಲ ಹುಟ್ಟಿದ್ದೇ ಅಲ್ಲಿ.

ಬಚ್ಚಲಲ್ಲಿ ಕಾಣುವ ದೊಡ್ಡ ಜರಿಯ ವಿಷ ಇರುವುದು ತಲೆಯ ಕೆಳಗಿನ, ಕೊಂಡಿಯಂತಾದ ಮೊದಲ ಜೋಡಿ ಕಾಲಿನಲ್ಲಿ. ಕಚ್ಚಿದರೆ ವಿಪರೀತ ಉರಿ, ಬಾವು. ಅದು ಸಯನೈಡ್ ಅಲ್ಲ. ಸಯನೈಡ್ ತಯಾರಿಸುವುದು ಮಣ್ಣಿನೊಳಗೆ ಬದುಕುವ ದಾರದಂಥ ಕೆಲವು ಜರಿಗಳು ಮತ್ತು ಚಪ್ಪಟೆ ಬೆನ್ನಿನ ಸಹಸ್ರಪದಿಗಳು (ಮಿಲಿಪೀಡ್). ಈ ಸಹಸ್ರಪದಿಯ ಏರ್ಪಾಡು ನಿಜಕ್ಕೂ ಸೊಗಸು: ಗ್ರಂಥಿಯ ಒಂದು ಕೋಣೆಯಲ್ಲಿ ಮ್ಯಾಂಡೆಲೋನೈಟ್ರೈಲ್ ಎಂಬ ರಾಸಾಯನಿಕ, ಪಕ್ಕದ ಕೋಣೆಯಲ್ಲಿ ಅದನ್ನು ಒಡೆಯುವ ಕಿಣ್ವ (ಎನ್‌ಜೈಮ್). ಹೆದರಿದಾಗ ಎರಡೂ ಸೇರಿ ಬೆಂಜಾಲ್ಡಿಹೈಡ್ ಮತ್ತು ಹೈಡ್ರೋಜನ್ ಸಯನೈಡ್ ಹೊರಬರುತ್ತವೆ, ಕಹಿ ಬಾದಾಮಿಯ ವಾಸನೆಯೊಂದಿಗೆ. ಇರುವೆ ಓಡಿಸಲು ಅಷ್ಟು ಸಾಕು. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವಂಥದ್ದು. ಆ ಚೂರುಪಾರು ಗಾಳಿಯಲ್ಲಿ ಹಾರಿಹೋಗುತ್ತದೆ.

ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ದುಂಡು ಸಹಸ್ರಪದಿಯದ್ದು ಬೇರೆಯೇ ರಸಾಯನ, ಬೆಂಜೊಕ್ವಿನೋನ್. ಬೆರಳಿಗೆ ಗೋರಂಟಿಯಂಥ ಕಂದು ಕಲೆ ಹತ್ತುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಕಣ್ಣಿಗೆ ತಾಗಿದರೆ ಮಾತ್ರ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ.

ಇಂಥ ಸಂದೇಶ ಬಂದರೆ ಫೋಟೊ ಹಿಗ್ಗಿಸಿ ಕಾಲು ಎಣಿಸಿ. ನಡುಮೈಯ ಒಂದೊಂದು ಖಂಡಕ್ಕೆ ಒಂದೇ ಜೋಡಿಯಿದ್ದರೆ ಜರಿ; ಎರಡೆರಡು ಜೋಡಿಯಿದ್ದರೆ ಸಹಸ್ರಪದಿ, ಅದಕ್ಕೆ ಕಚ್ಚಲು ವಿಷದ ಕೊಂಡಿಯೇ ಇಲ್ಲ. ಬರಹ ಒಂದರದ್ದು, ಫೋಟೊ ಇನ್ನೊಂದರದ್ದು ಆಗಿರುವುದೂ ಉಂಟು. ಆಮೇಲೆ ಯಾವ ಜಾತಿ, ಎಷ್ಟು ಪ್ರಮಾಣ, ಯಾವ ಊರು, ಯಾವ ದಿನ ಎಂದು ಹುಡುಕಿ ನೋಡಿ.